ಮೂರನೆಯ ಗವಿಯ ಮದುಮಗಳು

ಬಲು ಹಿಂದೆ, ಬೆಟ್ಟಗಳಿಗೆ ಇನ್ನೂ ಬಾಲವಿದ್ದ ಕಾಲದಲ್ಲಿ, ಮಿಂಚುಗಲ್ಲು ಎಂಬ ರಾಜ್ಯವಿತ್ತು. ಬಾಲವನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಂಬದವರು ಈಗಲೇ ಎದ್ದು ಹೋಗಬಹುದು.

ಅಲ್ಲಿ ಕರಾಳಗಡ್ಡನೆಂಬ ಮಾಂತ್ರಿಕ ರಾಜನನ್ನು ಕುಂಬಳಕಾಯಿ ಮಾಡಿ ಸಿಂಹಾಸನದ ಮೇಲಿಟ್ಟಿದ್ದ. ರಾಜ್ಯಭಾರ ಮೊದಲಿನಂತೆಯೇ ನಡೆದಿತ್ತು. ರಾಜಕುಮಾರಿ ಸಂಪಗೆಗೆ, ಊರ ಮದುವೆಗಳಿಗೆ ಬಾಸಿಂಗ ಕಟ್ಟಿಕೊಡುವ ಬೊಮ್ಮಣ್ಣನ ಮೇಲೆ ಮನಸ್ಸು. ಅವನೋ ತಬ್ಬಲಿ, ಸತ್ತ ಅಪ್ಪನ ಹೆಸರೊಂದು ಬಿಟ್ಟರೆ ಏನೂ ತಿಳಿಯದು.

“ಹಿಂದುಮುಂದಿಲ್ಲದವನಿಗೆ ರಾಜಕುಮಾರಿಯೇ?” ಎಂದ ಮಾಂತ್ರಿಕ. “ಮೂರು ತಲೆಮಾರಿನ ಲಗ್ನಪತ್ರ ತಂದು ತೋರಿಸು. ನಾಳೆ ಸಂಜೆಯೊಳಗೆ ತರದಿದ್ದರೆ ನೀನು ಹುಂಜ, ಇವಳು ನನ್ನ ಹೆಂಡತಿ.”

“ಹುಂಜನಾದರೂ ಆ ಗಡ್ಡಕ್ಕಿಂತ ಮೇಲು,” ಎಂದಳು ಸಂಪಗೆ. “ಆದರೂ ಬೇಗ ಬಾರೋ!”

ರಾಜ್ಯದ ಲಗ್ನಪತ್ರಗಳನ್ನೆಲ್ಲ ತಾಳೆಗರಿಯಲ್ಲಿ ಬರೆದು ಪತ್ರಗುಡ್ಡದ ಗವಿಗಳಲ್ಲಿಟ್ಟಿದ್ದರು. ಮೊದಲ ಗವಿಗೆ ಹುಲಿ ಕಾವಲು.

“ಹೆಣ್ಣಿನ ಕಡೆಯವನೋ, ಗಂಡಿನ ಕಡೆಯವನೋ?” ಹುಲಿ ಕೇಳಿತು. ಹೆಣ್ಣಿನ ಕಡೆ ಎಂದವರನ್ನು ಉಪಚಾರ ಸಾಲದೆಂದು ತಿನ್ನುತ್ತಿತ್ತು. ಗಂಡಿನ ಕಡೆ ಎಂದವರನ್ನು ಜಂಬ ಹೆಚ್ಚೆಂದು ತಿನ್ನುತ್ತಿತ್ತು.

“ಎರಡೂ ಕಡೆಯವನು. ನಾನು ಅವರ ಮಗ.”

ಹುಲಿ ತಲೆ ಕೆರೆದುಕೊಂಡು ದಾರಿ ಬಿಟ್ಟಿತು. ಅಪ್ಪನ ಲಗ್ನಪತ್ರದಲ್ಲಿ ತಾತನ ಹೆಸರಿತ್ತು. ಅದನ್ನು ಹಿಡಿದು ಎರಡನೆಯ ಗವಿಗೆ ಹೋದರೆ ಅಲ್ಲಿ ಹೆಬ್ಬಾವು.

“ಹೆಣ್ಣಿನ ಕಡೆಯವನೋ, ಗಂಡಿನ ಕಡೆಯವನೋ?”

“ಎರಡೂ ಕಡೆಯವನು. ಮೊಮ್ಮಗ.”

ತಾತನ ಪತ್ರದಲ್ಲಿ ಮುತ್ತಾತನ ಹೆಸರಿತ್ತು: ಗುಂಡಪ್ಪ. ಮೂರನೆಯ ಗವಿಗೆ ಕಾವಲೇ ಇರಲಿಲ್ಲ. ಬೊಮ್ಮಣ್ಣ ಗುಂಡಪ್ಪನ ಪತ್ರ ಬಿಚ್ಚಿದ. ಗರಿಯೊಳಗಿಂದ ಧಾರೆಸೀರೆಯುಟ್ಟ ಮದುಮಗಳೊಬ್ಬಳು ಹೊರಗೆ ಕಾಲಿಟ್ಟಳು.

“ಹೆಣ್ಣಿನ ಕಡೆಯವನೋ, ಗಂಡಿನ ಕಡೆಯವನೋ?”

“ಎರಡೂ ಕಡೆಯವನು, ಮುತ್ತಜ್ಜಿ. ಮರಿಮಗ.”

“ಅದಿರಲಿ, ನನ್ನ ಗಂಡ ಎಲ್ಲಿ ಹೇಳು! ಮಗನಿಗೆ ಹೆಸರಿಡೋ ದಿನ ಬೆಲ್ಲ ತರ್ತೀನಿ ಅಂತ ಹೋದೋರು ಇನ್ನೂ ಬಂದಿಲ್ಲ. ಸತ್ತ ಮೇಲೂ ಕಾಯ್ತಾ ಇದೀನಿ. ಪತ್ರ ಮಡಚು, ನಾನೂ ಬರ್ತೀನಿ.”

ದಾರಿಯುದ್ದಕ್ಕೂ ಗರಿಯೊಳಗಿದ್ದ ಮುತ್ತಜ್ಜಿ ಗಿರಿಯವ್ವನಿಗೆ ಹುಂಜ, ಕುಂಬಳಕಾಯಿಯ ಕಥೆ ಹೇಳುತ್ತ, ಹೊತ್ತು ಮುಳುಗುವ ಮುಂಚೆ ಬೊಮ್ಮಣ್ಣ ಅರಮನೆ ಮುಟ್ಟಿದ. ಮಾಂತ್ರಿಕ ಎರಡು ಪತ್ರ ನೋಡಿ ಮೂಗು ಮುರಿದ. ಮೂರನೆಯದನ್ನು ಬಿಚ್ಚಿದ. ಗಿರಿಯವ್ವ ಎದುರಿಗೆ ನಿಂತಳು.

“ರೀ! ಬೆಲ್ಲ ಎಲ್ಲಿ?”

ಕರಾಳಗಡ್ಡನ ಮಂತ್ರದಂಡ ಕೈಜಾರಿತು. ಅವನೇ ಗುಂಡಪ್ಪ! ಮಂತ್ರಬಲದಿಂದ ಮುಪ್ಪನ್ನು ತಡೆದು, ತನಗೊಂದು ಮದುವೆಯಾಗಿತ್ತೆಂಬುದನ್ನೇ ಮರೆತಿದ್ದ!

“ಅಂಗಡಿ ಮುಚ್ಚಿತ್ತು ಕಣೇ...”

“ನೂರು ವರ್ಷವಾ? ಮರಿಮಗನ್ನೇ ಹುಂಜ ಮಾಡೋಕೆ ಹೊರಟಿದ್ರಾ? ಮೊದಲು ಆ ಕುಂಬಳಕಾಯಿಯನ್ನ ಮನುಷ್ಯ ಮಾಡಿ!”

ಮಾಂತ್ರಿಕನ ಕಿವಿ ಅವಳ ಕೈಯಲ್ಲಿತ್ತು; ಹೇಳಿದಂತೆ ಮಾಡಿದ. ರಾಜ ಆಕಳಿಸುತ್ತ ಎದ್ದು, “ಊಟ ಆಯ್ತಾ?” ಎಂದ. ಗಿರಿಯವ್ವ ಮಂತ್ರದಂಡ ಮುರಿದು ಒಲೆಗಿಟ್ಟಳು. ಬೊಮ್ಮಣ್ಣನಿಗೂ ಸಂಪಗೆಗೂ ಮದುವೆಯಾಯಿತು. ಅಕ್ಷತೆ ಹಾಕಲು ಗಂಡಿನ ಕಡೆಯಿಂದ ಸಾಕ್ಷಾತ್ ಮುತ್ತಾತನೇ ಇದ್ದ. ಅದಾದ ಮೇಲೆ ಬೆಲ್ಲದ ಮೂಟೆ ಹೊತ್ತು ಹೆಂಡತಿಯ ಹಿಂದೆ ತಾಳೆಗರಿಯೊಳಕ್ಕೆ ಹೋದ.

ಉಳಿದವರೆಲ್ಲ ಸುಖವಾಗಿದ್ದರು. ಆ ಬೆಲ್ಲದಲ್ಲಿ ನನಗೂ ಒಂದು ಅಚ್ಚು ಕೊಟ್ಟಿದ್ದರು. ಇರುವೆಗಳು ತಿಂದವು, ಇಲ್ಲದಿದ್ದರೆ ನಿಮಗೆ ತೋರಿಸುತ್ತಿರಲಿಲ್ಲವೇ?