ಕೇಳದೆ ಅಗೆದ ಗೋರಿ

"ಮುಟ್ಟಬ್ಯಾಡ್ರಿ ನಮ್ಮಪ್ಪನ್ನ! ಅಂವೇನು ಸಂತ್ಯಾಗಿನ ಎತ್ತಲ್ಲ!"

ನೀರಿನ ಕೊಡ ಅಲ್ಲೇ ಇಳಿಸಿ ದುರುಗವ್ವ ಓಡಿ ಬಂದಿದ್ದಳು. ಕಟ್ಟೆಯ ಮೇಲೆ ಅಪ್ಪ ಹೊಳಿಯಪ್ಪ ಕಣ್ಣು ಮುಚ್ಚಿ ಕೂತಿದ್ದ. ಯಾರೋ ಪರವೂರಿನ ಹುಡುಗ ಕಬ್ಬಿಣದ ಇಕ್ಕಳದಂಥದ್ದನ್ನು ಅವನ ತಲೆಗೆ ಹಿಡಿದು ಅಳತೆ ಬರೆದುಕೊಳ್ಳುತ್ತಿದ್ದ.

"ನೋವಾಗಂಗಿಲ್ರಿ... ಬೇಕಾದ್ರ ಮೊದ್ಲು ನನ್ನ ತಲಿ ಅಳೀರಿ."

ಅಳೆದೇ ಬಿಟ್ಟಳು! ಗಂಡಸಿನ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅವನು ಬೇವೂರಿನ ಓಬಳೆಪ್ಪ, ಹೈದರಾಬಾದಿನಲ್ಲಿ ಓದಿದವನು. ಗಂಗಾವತಿ ಕಡೆಯ ಈ ಗುಡ್ಡದ ಊರಿಗೆ ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಬಂದದ್ದು ನೌಕರಿಯ ತರಬೇತಿಗೆ.

"ಏನು ಓದ್ತೀರಿ ನೀವು?"

"ಮನಷ್ಯಾರನ್ನ. ಅದರಾಗ ನಾಕು ಕವಲು ಅದಾವ. ಮೈ, ಎಲುಬು ಅಳಿಯೂದು ಒಂದು. ಹಿಂದಿನವರು ಬಿಟ್ಟು ಹೋಗಿದ್ದನ್ನ ಅಗದು ನೋಡೂದು ಒಂದು. ಮಾತಿಂದೊಂದು, ನಡಾವಳಿದೊಂದು. ನಾಕೂ ಸೇರಿಸಿ ವರದಿ ಕೊಟ್ರ ನೌಕರಿ ಖಾಯಂ. ಆಮ್ಯಾಲ..."

"ಆಮ್ಯಾಲ?"

"ನಿಮ್ಮಪ್ಪನ ಹತ್ರ ಹೆಣ್ಣು ಕೇಳಾಕ ಬರ್ತೀನಿ."

ಅಯ್ಯೋ, ಹುಚ್ಚು ಹುಡುಗಿ! ಮೂರು ತಿಂಗಳು ಅವನು ಕೇಳಿದ್ದೆಲ್ಲ ಹೇಳಿದಳು. ಜೋಗುಳ, ಬೈಗುಳ, ಯಾವ ಮನೆತನಕ್ಕೆ ಹೆಣ್ಣು ಕೊಡುತ್ತಾರೆ, ಬಾಣಂತಿಗೆ ಏನು ಉಣಿಸುತ್ತಾರೆ... ನಿಮ್ಮ ಸತ್ತವರು ಎಲ್ಲಿದ್ದಾರೆ ಎಂದು ಮಾತ್ರ ಆ ಜಾಣ ಕೇಳಲಿಲ್ಲ.

"ಲಗೂನ ಬರ್ತೀನಿ" ಎಂದು, ಒಂದು ಪೆಟ್ಟಿಗೆಯನ್ನು ಕೊಪ್ಪಳದಲ್ಲಿ ರೈಲಿಗೆ ಹಾಕಿಕೊಂಡು ಹೋದ.

ಸತ್ತ ಹಿರಿಯರಿಗೆ ಎಡೆ ಇಡುವ ಮಾನಾಮಿ ಅಮಾಸಿಗೆ ಗುಡ್ಡಕ್ಕೆ ಹೋದ ಹೊಳಿಯಪ್ಪ ಎಡೆಯನ್ನು ಹಾಗೇ ಹಿಡಿದು ಇಳಿದು ಬಂದ.

"ನಿಮ್ಮವ್ವ ಇಲ್ಲವ್ವಾ... ಕುಣಿ ಬರಿದಾಗೈತಿ! ಆ ಹುಡುಗ ಪೆಟಗಿಯೊಳಗ ಒಯ್ದಾನ!"

ಹೆರಿಗೆಯಲ್ಲಿ ಸತ್ತವರನ್ನು ಈ ಊರಿನವರು ಎಲ್ಲರ ಜೊತೆ ಹೂಳುವುದಿಲ್ಲ. ಗುಡ್ಡದ ಮೇಲಿನ ಹಳೆಯ ಕಲ್ಲುಗೋರಿಗಳ ಸಾಲಿನಲ್ಲೇ, ಅದೇ ರೀತಿ ಚಪ್ಪಡಿ ನಿಲ್ಲಿಸಿ ಮಲಗಿಸುತ್ತಾರೆ. ದುರುಗವ್ವನನ್ನು ಹೆತ್ತು ಕಣ್ಣು ಮುಚ್ಚಿದ ಹುಲಿಗವ್ವ ಅಲ್ಲಿದ್ದಳು.

"ಊರ ಗುಟ್ಟೆಲ್ಲಾ ಅವಗ ಹೇಳಿಕೊಟ್ಟಾಕಿ ಇಕಿನ!" ಎಂದು ಊರಿಗೆ ಊರೇ ಬೈಯಿತು. ಅಪ್ಪ ಮಗಳ ಕೈಯೂಟ ಬಿಟ್ಟ. ಅವಳಿಗೆ ಅದೇ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಎರಡು ವರ್ಷದ ಮೇಲೆ ಓಬಳೆಪ್ಪ ಬಂದ. ಸೊರಗಿ ಕಡ್ಡಿಯಾಗಿದ್ದ. ಕೈಯಲ್ಲಿ ಬಿಳಿ ಬಟ್ಟೆಯ ಗಂಟು.

"ಯಾಕ ಬಂದೀರಿ? ಇನ್ನೂ ಅಳಿಯೂದು ಉಳದೈತೇನು?"

"ತಪ್ಪು ಒಪ್ಪಿಕೊಳ್ಳಾಕ ಬಂದೀನಿ. ಅಗಿಯುವಾಗ ಹಸರು ಬಳಿ ಚೂರು ಸಿಕ್ಕಿತ್ತು. ಇದು ಹಳೇ ಗೋರಿ ಅಲ್ಲ ಅಂತ ಅವತ್ತ ಗೊತ್ತಾತು."

ಗೊತ್ತಿದ್ದೂ...?

"ಕೇಳಿದ್ರ ನೀ ಬ್ಯಾಡ ಅಂತಿದ್ದಿ. ಅದಕ್ಕ ಕೇಳಲಿಲ್ಲ. ನೌಕರಿ ಬೇಕಾಗಿತ್ತು... ನೀ ಬೇಕಾಗಿದ್ದಿ."

"ಅದಕ್ಕ ನನ್ನ ಹೆಸರು ಹೇಳಬ್ಯಾಡ್ರಿ!"

"ಯಾರದು ಅಂತ ಗೊತ್ತಿರಲಿಲ್ಲ, ದುರುಗವ್ವಾ. ನಿಮ್ಮವ್ವಂದು ಅಂತ ಇವತ್ತ ಊರಾಗ ಕೇಳಿದೆ."

"ಯಾರದಾದ್ರೇನು? ಯಾರದೋ ಅವ್ವ ಅಲ್ಲೇನು?"

ಅವನು ಗಂಟನ್ನು ಮುಂದೆ ಹಿಡಿದ. "ಎಲುಬು ವಾಪಸ್ ಕೊಡಂಗಿಲ್ಲ ಅಂದ್ರು ಇಲಾಖೆಯವರು. ಇದು ಹಳೇ ಗೋರಿದಲ್ಲ, ನನ್ನ ವರದಿ ಸುಳ್ಳು ಅಂತ ನಾನ ಬರದು ಕೊಟ್ಟೆ. ನೌಕರಿ ಹೋತು. ಆಮ್ಯಾಲ ಇದನ್ನ ಕೊಟ್ರು."

ಅವಳು ಗಂಟು ಇಸಿದುಕೊಂಡು ಗುಡ್ಡದ ದಾರಿ ಹಿಡಿದಳು. ಅವನು ಹಿಂದೆ ನಡೆದ. ದೂರದಲ್ಲಿ, ಕೋಲೂರುತ್ತ, ಹೊಳಿಯಪ್ಪನೂ ಬಂದ.

ಕುಣಿಯ ಪಕ್ಕ ಕೂತು ಅವಳು ಗಂಟು ಬಿಚ್ಚಿದಳು. ಕ್ಷಮಿಸಲು ಮನಸ್ಸು ಬರಲಿಲ್ಲ... ಅವನನ್ನು ಬಿಡಲೂ ಬರಲಿಲ್ಲ.

"ಎಲ್ಲಾ ಅಳದೀರಲ್ಲ... ಅವ್ವ ನನ್ನಂಗ ಇದ್ದಳೇನು?"

ಓಬಳೆಪ್ಪ ಬಿಕ್ಕಿದ. "ಹಣಿ ನಿಂದ ಐತಿ. ಗದ್ದಾನೂ ನಿಂದ."

"ಒಂದೀಟ್ಹೊತ್ತು ಅವ್ವನ್ನ ಉಡಿಯೊಳಗ ಇಟಗೋತೀನಿ. ಅಲ್ಲೀತನಕ ಮಣ್ಣು ಹಾಕಬ್ಯಾಡ್ರಿ."

"ಇಲ್ಲ... ಎಷ್ಟೊತ್ತಾದ್ರೂ ಇಟಗೊ."

"ನೀವ್ಯಾಕ ನಿಂತೀರಿ? ಕುಂದರ್ರಿ ಇಲ್ಲೆ."