ಪೊರೆಯ ಮೇಲಿನ ರಕ್ತ

೨೦೦೪ರ ಮಾರ್ಚ್ ಹತ್ತು, ಬುಧವಾರ. ಬೆಳಗ್ಗೆ ಏಳೂ ನಲವತ್ತಕ್ಕೆ ಬೈಯಪ್ಪನಹಳ್ಳಿಯ ಪ್ರೇಮಕ್ಕ ಠಾಣೆಗೆ ಬಂದು, ಸೊಸೆಯೇ ತನ್ನ ಮಗನನ್ನು ಕೊಂದಳೆಂದು ದೂರು ಕೊಟ್ಟಳು. ಮಗ ರವಿಕಿರಣ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರದ ಆಪರೇಟರ್. ಹಿಂದಿನ ಸಂಜೆ ಐದಕ್ಕೆ ಹೆಂಡತಿ ಪ್ರತಿಭಾ ತಳ್ಳಿದಾಗ ಅವನ ತಲೆ ಬಾಗಿಲ ಚೌಕಟ್ಟಿಗೆ ಬಡಿದಿತ್ತು. ಆರೂವರೆಗೆ ಉಸಿರು ನಿಂತಿತ್ತು. ಇನ್‌ಸ್ಪೆಕ್ಟರ್ ಸಿದ್ಧಲಿಂಗೇಶ ಎಫ್‌ಐಆರ್ ದಾಖಲಿಸಿ ಪ್ರತಿಭಾಳನ್ನು ಕರೆಸಿದರು.

“ಯಾಕೆ ತಳ್ದೆ?”

“ಕುಡ್ಕೊಂಡ್ ಬಂದಿದಾರೆ ಅಂದ್ಕೊಂಡೆ ಸಾರ್. ಎರಡು ಗಂಟೆಗೆ ಬಂದು ತಲೆನೋವು ಅಂತ ಮಲಗಿದ್ರು. ಐದಕ್ಕೆ ಎದ್ದು ವಾಂತಿ ಮಾಡ್ಕೊಂಡ್ರು. ನಾಲಿಗೆ ತೊದಲ್ತಿತ್ತು, ನಿಲ್ಲೋಕಾಗ್ತಿರ್ಲಿಲ್ಲ. ಸಿಟ್ಟು ಬಂತು, ತಳ್ಬಿಟ್ಟೆ.”

“ಆಮೇಲೆ?”

“ಅಮಲು ಇಳೀಲಿ ಅಂತ ಬಿಟ್ಬಿಟ್ಟೆ. ನಾನೇ ಕೊಂದಿದ್ದು, ಬರ್ಕೊಳ್ಳಿ.”

ಹೆಡ್ ಕಾನ್‌ಸ್ಟೆಬಲ್ ಮುನಿರಾಜಪ್ಪನ ಮಟ್ಟಿಗೆ ಕೇಸು ಅಲ್ಲಿಗೇ ಮುಗಿದಿತ್ತು. ಅತ್ತೆ ಕಣ್ಣಾರೆ ಕಂಡಿದ್ದಾಳೆ, ಸೊಸೆ ಒಪ್ಪಿದ್ದಾಳೆ, ಇನ್ನೇನು ಬೇಕು? ಆದರೆ ಸಿದ್ಧಲಿಂಗೇಶರಿಗೆ ಇಷ್ಟು ಸಲೀಸಾಗಿ ಕೈಗೆ ಬಿದ್ದ ಕೇಸಿನ ಮೇಲೆಯೇ ಗುಮಾನಿ ಜಾಸ್ತಿ. ಸ್ಥಳದ ಪಂಚನಾಮೆ ಮಾಡಿಸಿ, ಮಧ್ಯಾಹ್ನ ಮೂರಕ್ಕೆ ಶವಾಗಾರಕ್ಕೆ ಹೋದರು.

“ಹೊಟ್ಟೇಲಿ ಹೆಂಡದ ವಾಸನೇನೇ ಇಲ್ಲ,” ಎಂದರು ಡಾಕ್ಟರ್ ಶೀಬಾ. “ತಲೆ ಹಿಂದೆ ಬರೀ ಚರ್ಮ ತರಚಿದೆ. ಅದು ಬಾಗಿಲಿಂದ ಆಗಿದ್ದು. ಪ್ರಾಣ ಹೋಗಿದ್ದು ಎಡಗಿವಿ ಮೇಲಿನ ಏಟಿಂದ. ಕಬ್ಬಿಣದ್ದು. ಬುರುಡೆ ಸೀಳಿದೆ.”

“ಬುರುಡೆ ಸೀಳಿದೋನು ನಡ್ಕೊಂಡು ಮನೆಗ್ ಬರ್ತಾನಾ ಡಾಕ್ಟ್ರೇ?”

“ಬರ್ತಾನೆ. ಮಿದುಳಿನ ಸುತ್ತ ಮೂರು ಪೊರೆ ಇರುತ್ವೆ. ಹೊರಗಿಂದು ತೊಗಲಿನ ಥರ ಗಟ್ಟಿ, ಬುರುಡೆಗೆ ಅಂಟ್ಕೊಂಡಿರುತ್ತೆ. ಮೂಳೆ ಸೀಳಿದಾಗ ಆ ಪೊರೆ ಮೇಲಿನ ರಕ್ತನಾಳ ಕಿತ್ತುಹೋಗಿದೆ. ಪೊರೆ ಮಾತ್ರ ಹರಿದಿಲ್ಲ. ಸೋರಿದ ರಕ್ತ ಮೂಳೆಗೂ ಪೊರೆಗೂ ಮಧ್ಯೆ ನಿಧಾನಕ್ಕೆ ಸೇರ್ಕೊಂಡು ಮಿದುಳನ್ನ ಒತ್ತಿದೆ. ಅಲ್ಲೀವರೆಗೂ ಮನುಷ್ಯ ನಗ್ತಾ ಮಾತಾಡ್ತಾ ಇರ್ತಾನೆ. ಈ ಏಟು ಮಧ್ಯಾಹ್ನದ ಹೊತ್ತಿಗೇ ಬಿದ್ದಿರ್ಬೇಕು.”

“ಐದು ಗಂಟೆಗೆ ಆಸ್ಪತ್ರೆಗೆ ತಂದಿದ್ರೆ?”

“ಬುರುಡೆ ಕೊರೆದು ರಕ್ತ ತೆಗೀತಿದ್ರು. ಬಹುಶಃ ಬದುಕ್ತಿದ್ದ.”

ಈ ಮಾತನ್ನು ಇನ್‌ಸ್ಪೆಕ್ಟರ್ ಬರೆದುಕೊಳ್ಳಲಿಲ್ಲ.

ಗುರುವಾರ ಬೆಳಗ್ಗೆ, ಅತ್ತ ಪ್ರತಿಭಾ ಮಹಿಳಾ ಪೇದೆಯ ಜೊತೆ ಗಂಡನ ಹೆಣ ಪಡೆಯಲು ಹೋದಳು. ಇತ್ತ ಹತ್ತಕ್ಕೆ ಪೊಲೀಸರು ಕಾರ್ಖಾನೆಗೆ ಬಂದರು. ಗೇಟಿನಲ್ಲೇ ದೊಡ್ಡ ಹಲಗೆಯೊಂದಿತ್ತು: ಅಪಘಾತವಿಲ್ಲದ ದಿನಗಳು, ೩೬೫. ಸೀಮೆಸುಣ್ಣದ ಅಂಕಿ ಅಂದೇ ಬರೆದದ್ದು. ಅಂಗಳದಲ್ಲಿ ಶಾಮಿಯಾನ ಕಟ್ಟುತ್ತಿದ್ದರು. ವರ್ಷ ತುಂಬಿದ್ದಕ್ಕೆ ಪ್ರತಿ ಕಾರ್ಮಿಕನಿಗೂ ಪ್ರೆಷರ್ ಕುಕ್ಕರ್ ಬಹುಮಾನವಂತೆ.

ಗೇಟ್ ರಿಜಿಸ್ಟರಿನಲ್ಲಿ ಒಂಬತ್ತನೆಯ ತಾರೀಕು ರವಿಕಿರಣ ಹೊರಬಿದ್ದ ಸಮಯ ೧೨.೨೦. ಕಾರಣ: ಹೊಟ್ಟೆನೋವು. ಸಹಿ, ಸುರಕ್ಷತಾ ಮೇಲ್ವಿಚಾರಕ ಶಿವಶಂಕರಪ್ಪನದು. ಪ್ರಥಮ ಚಿಕಿತ್ಸೆಯ ಪುಸ್ತಕದಲ್ಲಿ ಅಂದಿನ ಹಾಳೆಯೇ ಇರಲಿಲ್ಲ.

ಪಕ್ಕದ ಪ್ರೆಸ್ಸಿನ ಲತೀಫ್ ಮೊದಲು ಬಾಯಿಬಿಟ್ಟ. “ಪ್ರೆಸ್ಸಿನ ಅಚ್ಚು ಹಿಡಿದಿಡೋ ಕ್ಲಾಂಪಿನ ರಾಡು ಎಗರಿ ತಲೆಗೆ ಹೊಡೀತು ಸಾರ್. ಒಂದ್ನಿಮಿಷ ಎಚ್ಚರ ಇರ್ಲಿಲ್ಲ. ಆಮೇಲೆ ಎದ್ದು ಏನಿಲ್ಲ ಬಿಡ್ರೋ ಅಂದ. ರಕ್ತ ಬಂದಿರ್ಲಿಲ್ಲ. ಸ್ವಲ್ಪ ಹೊತ್ತಿಗೆ ತಲೆ ನೋಯ್ತು, ಆಸ್ಪತ್ರೆಗೆ ಕಳ್ಸಿ ಅಂತ ಸೂಪರ್‌ವೈಸರ್‌ನ ಅವನೇ ಕೇಳ್ದ. ಅವ್ರು ಯಾರ್ಗೂ ಹೇಳ್ಬೇಡ ಅಂತ ಸ್ಕೂಟರಲ್ಲಿ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿಗೆ ಬಿಟ್ಟು ಬಸ್ ಹತ್ಸಿದ್ರು.”

“ನೀವ್ಯಾರೂ ಕೇಳ್ಲಿಲ್ವಾ?”

“ಎರಡು ದಿನ ಉಳ್ದಿತ್ತು ಸಾರ್. ಕುಕ್ಕರ್ ಹೋಗುತ್ತಲ್ಲ ಅಂತ...”

ಲತೀಫ್ ತಲೆ ತಗ್ಗಿಸಿದ. ನಲವತ್ತು ಜನ ಗಂಡಸರು ಒಂದು ಕುಕ್ಕರಿನ ಆಸೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಥೂ ಎನ್ನಬೇಕೆನಿಸಿತು ಸಿದ್ಧಲಿಂಗೇಶರಿಗೆ.

ಹನ್ನೊಂದೂಕಾಲಿಗೆ ಶಿವಶಂಕರಪ್ಪನ ಬಂಧನವಾಯಿತು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ. ಬೇಗ ಜಾಮೀನಾಗುವ ಕಲಮುಗಳೇ. ರಾಡು, ರಿಜಿಸ್ಟರು, ಹಲಗೆ ಪಂಚರ ಎದುರು ಜಪ್ತಿಯಾದವು.

“ಯಾಕ್ರೀ ಹೀಗ್ ಮಾಡಿದ್ರಿ?”

“ಹೋದ್ ವರ್ಷ ಹಲಗೇಲಿ ಮುನ್ನೂರ ಹತ್ತು ಆಗಿದ್ದಾಗ ಒಬ್ಬನ ಬೆರಳು ಹೋಯ್ತು ಸಾರ್. ಮಾಲೀಕರು ಎಲ್ರನ್ನೂ ನಿಲ್ಸಿ, ನನ್ ಕೈಲೇ ಆ ಅಂಕಿ ಅಳಿಸಿ ಸೊನ್ನೆ ಬರೆಸಿದ್ರು. ಎಲ್ರೂ ನಕ್ರು. ಇನ್ನೊಂದ್ಸಲ ಆ ಸೊನ್ನೆ ಬರೆಯೋಕೆ ನನ್ ಕೈಲಾಗ್ತಿರ್ಲಿಲ್ಲ.”

ಸಂಜೆ ನಾಲ್ಕಕ್ಕೆ ಗಂಡನ ವಾಚು, ಬಸ್ ಪಾಸು ತೆಗೆದುಕೊಳ್ಳಲು ಪ್ರತಿಭಾ ಠಾಣೆಗೆ ಬಂದಳು. ಅವಳ ತಪ್ಪಿಲ್ಲವೆಂದು ವರದಿ ಹಾಕುವುದಾಗಿ ಸಿದ್ಧಲಿಂಗೇಶರು ಹೇಳಿದರು. ಅವಳು ಎದ್ದು ಹೋಗಲಿಲ್ಲ.

“ಐದು ಗಂಟೆಗೇ ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ರೆ ಉಳೀತಿದ್ರಾ ಸಾರ್?”

“ಇಲ್ಲಮ್ಮ. ಆಗ್ಲೇ ಕೈಮೀರಿತ್ತು.”

ಪ್ರತಿಭಾ ಅವರ ಮುಖವನ್ನೇ ನೋಡಿದಳು. “ಬೆಳಗ್ಗೆ ಹೆಣ ಕೊಡೋವಾಗ ಡಾಕ್ಟರಮ್ಮನ್ನೂ ಇದನ್ನೇ ಕೇಳ್ದೆ,” ಎಂದಳು. “ಅವ್ರು ಸುಳ್ಳು ಹೇಳ್ಲಿಲ್ಲ.”

ಸಿದ್ಧಲಿಂಗೇಶರು ರಸೀದಿ ಪುಸ್ತಕವನ್ನು ಅವಳ ಮುಂದೆ ಸರಿಸಿ, ಸಹಿ ಹಾಕುವ ಜಾಗ ತೋರಿಸಿದರು.