ಮೂರು ಸೀಟಿನ ತಾತ

ಬಾಗಿಲು ತೆರೆದ ಕಡ್ಡಿ ಅದನ್ನು ಮತ್ತೆ ಅರ್ಧ ಮುಚ್ಚಿಕೊಂಡಳು. ಹೊರಗೆ ಲಾಯರ್ ನಿಂತಿದ್ದಳು. ಅವಳ ಹಿಂದೆ, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಗುಂಡ.

“ನಿಮ್ಮ ತಾತನ್ನ ನೋಡೋಕೆ ಬಂದ್ವಿ,” ಎಂದಳು ಲಾಯರ್.

ಅವಳೇನು ನಿಜವಾದ ಲಾಯರ್ ಅಲ್ಲ. ಕಡ್ಡಿಯ ಜೊತೆ ಐದನೇ ಕ್ಲಾಸಿನಲ್ಲಿ ಓದುವ ಹುಡುಗಿ. ಯಾರು ಏನೇ ಹೇಳಿದರೂ “ನೀನು ಕಣ್ಣಾರೆ ನೋಡಿದ್ಯಾ?” ಎಂದು ಕೇಳುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಗುಂಡನಿಗೆ ಆ ಹೆಸರು ಯಾಕೆ ಬಂತು ಅಂತ ಹೇಳಬೇಕಾಗಿಲ್ಲ. ಕಡ್ಡಿಯದೂ ಅಷ್ಟೇ. ಗಾಳಿ ಜೋರಾಗಿ ಬೀಸಿದರೆ ಯಾರಾದರೂ ಅವಳ ಬ್ಯಾಗು ಹಿಡಿದುಕೊಳ್ಳಬೇಕಿತ್ತು, ಅಷ್ಟು ತೆಳ್ಳಗಿದ್ದಳು.

ಎಲ್ಲ ಶುರುವಾದದ್ದು ಹೋದ ತಿಂಗಳು. ಮಿಸ್ ಅವತ್ತು ಹಳೇ ಕಾಲದ ದೈತ್ಯರ ಕತೆ ಹೇಳಿದ್ದರು. ಒಬ್ಬ ದೈತ್ಯ ಬೆಟ್ಟವನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದನಂತೆ. ಇನ್ನೊಬ್ಬನಿಗೆ ಬಾಯಾರಿದರೆ ಕೆರೆಯ ಮೀನುಗಳೆಲ್ಲ ಕೆಸರಿನಲ್ಲಿ ಒದ್ದಾಡುತ್ತಿದ್ದವಂತೆ. ಮತ್ತೊಬ್ಬ ಬೆಳಗಿನ ತಿಂಡಿಗೆ ಇಪ್ಪತ್ತು ಕುರಿ ತಿಂದು, ಊಟ ಯಾವಾಗ ಅಂತ ಕೇಳುತ್ತಿದ್ದನಂತೆ. ನಿಮ್ಮ ಮನೆಗಳಲ್ಲೂ ಇಂಥ ಶಕ್ತಿವಂತರ ಕತೆ ಇದ್ದರೆ ಹೇಳಿ ಎಂದರು ಮಿಸ್.

ಕಡ್ಡಿ ಎದ್ದು ನಿಂತು ತನ್ನ ತಾತನ ಕತೆ ಹೇಳಿದಳು. ತಾತ ದೂರದ ಬಂದರಿನಲ್ಲಿ ಮೂಟೆ ಹೊರುವ ಕೆಲಸದಲ್ಲಿದ್ದವರು. ಅವಳು ಅವರನ್ನು ಎರಡು ವರ್ಷದವಳಿದ್ದಾಗ ನೋಡಿದ್ದು, ಮುಖವೂ ನೆನಪಿರಲಿಲ್ಲ. ಅಪ್ಪ ಹೇಳಿದ ಕತೆಗಳೇ ಅವಳ ಪಾಲಿನ ತಾತ. ಎರಡೆರಡು ಮೂಟೆ ಒಟ್ಟಿಗೆ ಹೊರುತ್ತಿದ್ದ ತಾತ. ಕೂತಲ್ಲೇ ಅರವತ್ತು ಬೇಯಿಸಿದ ಮೊಟ್ಟೆ ತಿಂದ ತಾತ. ಹೇಳುತ್ತಾ ಹೇಳುತ್ತಾ ಹುರುಪು ಬಂದು, ಟೈರ್ ಬದಲಿಸುವ ತನಕ ತಾತ ಲಾರಿಯನ್ನೇ ಎತ್ತಿ ಹಿಡಿದಿದ್ದರು ಅಂತಲೂ ಸೇರಿಸಿಬಿಟ್ಟಳು. ಕ್ಲಾಸಿಗೆ ಕ್ಲಾಸೇ ಬಾಯಿ ಬಿಟ್ಟುಕೊಂಡು ಕೇಳಿತು. ಲಾಯರ್ ಮಾತ್ರ ಕಣ್ಣು ಕಿರಿದು ಮಾಡಿದಳು.

ಆಮೇಲೆ ತಾತ ನಿಜವಾಗಿಯೂ ಬಂದರು. ಅವರಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಡಾಕ್ಟರು ಅರ್ಧ ಹೊಟ್ಟೆಯನ್ನೇ ತೆಗೆದಿದ್ದರು. ನೋಡಿಕೊಳ್ಳುವವರು ಬೇಕಲ್ಲ ಅಂತ ಅಪ್ಪ ಹೋಗಿ ಕರೆದುಕೊಂಡು ಬಂದರು. ಟ್ಯಾಕ್ಸಿಯಿಂದ ದೈತ್ಯ ಇಳಿಯುತ್ತಾನೆ ಅಂತ ಕಡ್ಡಿ ಬಾಲ್ಕನಿಯಿಂದ ಬಗ್ಗಿ ನೋಡುತ್ತಿದ್ದಳು. ಇಳಿದದ್ದು ಅಪ್ಪನ ಭುಜಕ್ಕೂ ಬಾರದ ಒಬ್ಬ ಮುದುಕ. ಮೈಮೇಲಿನ ಶರಟು ಹ್ಯಾಂಗರಿಗೆ ತೂಗುಹಾಕಿದ ಹಾಗಿತ್ತು. ದಿನಕ್ಕೆ ಆರು ಸಲ, ಒಂದೊಂದು ಸಲಕ್ಕೆ ಏಳೆಂಟು ಚಮಚ ಸೂಪು. ಅಷ್ಟೇ ಅವರ ಊಟ. ಅದಕ್ಕೂ ಅಮ್ಮ ಪುಸಲಾಯಿಸಬೇಕಿತ್ತು.

ತಾತ ಬಂದ ವಿಷಯವನ್ನು ಕಡ್ಡಿ ಶಾಲೆಯಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ಅಪ್ಪನ ಗ್ಯಾರೇಜಿಗೆ ಗುಂಡನ ಅಪ್ಪ ಸ್ಕೂಟರ್ ರಿಪೇರಿಗೆ ಬಂದಿದ್ದರು. ಮಾತಿಗೆ ಮಾತು ಬಂದು ಸುದ್ದಿ ಗುಂಡನ ಮನೆ ಸೇರಿತು. ಅಲ್ಲಿಂದ ಲಾಯರ್‌ಗೆ ಮುಟ್ಟಲು ಎಷ್ಟು ಹೊತ್ತು ಬೇಕು?

ಈಗ ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಬಂದೇಬಿಟ್ಟರು. ಅಪ್ಪ ಅಮ್ಮ ಇಬ್ಬರೂ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ತಾತ ಕೂತಿದ್ದರು. ಎದುರಿನ ಸ್ಟೂಲಿನ ಮೇಲೆ ಸೂಪಿನ ಬಟ್ಟಲು, ಎದೆಯ ಮೇಲೆ ಮಗುವಿಗೆ ಹಾಕಿದ ಹಾಗೆ ಒಂದು ಟವೆಲ್ಲು. ಗುಂಡ ಅವರನ್ನು ದಾಟಿ ರೂಮಿನ ಮೂಲೆಮೂಲೆ ನೋಡಿದ. ಬೀರುವಿನ ಹಿಂದೆಯೂ ಒಮ್ಮೆ ಇಣುಕಿದ.

“ಎಲ್ಲಿ ನಿಮ್ಮ ತಾತ?”

ಕಡ್ಡಿಯ ಬಾಯಿಂದ ಮಾತು ತಾನಾಗಿಯೇ ಜಾರಿತು.

“ತಾತ ಬಂದಿಲ್ಲ. ಇವರು… ಅಪ್ಪನಿಗೆ ಪರಿಚಯದವರು.”

ಚಮಚ ಬಟ್ಟಲಿಗೆ ತಾಗಿ ಟಣ್ ಎಂದಿತು. ತಾತ ತನ್ನನ್ನೇ ನೋಡುತ್ತಿದ್ದಾರೆ ಎಂದು ಕಡ್ಡಿಗೆ ಗೊತ್ತಾಯಿತು. ಅವಳು ತಲೆ ಎತ್ತಲಿಲ್ಲ.

“ಅವನು ಬರೋದು ಕಷ್ಟ ಮಕ್ಕಳೇ,” ಎಂದರು ತಾತ ನಿಧಾನವಾಗಿ. “ಬಸ್ಸಿನಲ್ಲಿ ಅವನೊಬ್ಬನಿಗೇ ಮೂರು ಸೀಟು ಬೇಕು.”

ಗುಂಡ ತಟ್ಟನೆ ನೆಲದ ಮೇಲೆ ಕೂತುಬಿಟ್ಟ. ನಿಮಗೆ ಅವರು ಗೊತ್ತಾ ಎಂದು ಕೇಳಿದ. ಗೊತ್ತಿಲ್ಲದೆ ಏನು, ಒಂದೇ ಕಡೆ ಕೆಲಸ ಮಾಡಿದವರು ನಾವು ಎಂದರು ತಾತ. ಬಂದರಿನ ಹೋಟೆಲಿನ ಅಡುಗೆಯವನು ಆ ದೈತ್ಯ ದೂರದಲ್ಲಿ ಬರುವುದನ್ನು ಕಂಡರೆ ಇನ್ನೊಂದು ಒಲೆ ಹಚ್ಚುತ್ತಿದ್ದನಂತೆ. ತಟ್ಟೆ ಸಾಲದೆ ಹಿಟ್ಟು ಕಲಸುವ ಬೋಗುಣಿಯಲ್ಲೇ ಅನ್ನ ಬಡಿಸುತ್ತಿದ್ದನಂತೆ.

ಅರವತ್ತು ಮೊಟ್ಟೆ ತಿಂದದ್ದನ್ನು ನೀವು ಕಣ್ಣಾರೆ ನೋಡಿದ್ರಾ ಎಂದು ಲಾಯರ್ ಕೇಳಿದಳು. ತಾತ ತಲೆ ಅಲ್ಲಾಡಿಸಿದರು. ಅರವತ್ತು ಅಂತ ಆಮೇಲೆ ಯಾರೋ ಉದ್ದ ಮಾಡಿದ್ದು, ಅವನು ತಿಂದದ್ದು ಮೂವತ್ತೆಂಟೇ. ಮೂವತ್ತೊಂಬತ್ತನೆಯದು ಕೈಜಾರಿ ಬಿತ್ತು, ಅದನ್ನು ನಾಯಿ ತಿಂದಿತು. ಲಾಯರ್ ಒಂದು ಕ್ಷಣ ಯೋಚಿಸಿ ತಾನೂ ನೆಲದ ಮೇಲೆ ಕೂತಳು.

“ಮತ್ತೆ ಲಾರಿ ಎತ್ತಿದ್ದು?” ಎಂದಳು.

ಲಾರಿಯ ಮಾತು ಬಂದಾಗ ಕಡ್ಡಿ ಗೋಡೆಯ ಕಡೆಗೆ ಸರಿದಳು. ಲಾರಿ ಇದ್ದ ನೆನಪಿಲ್ಲ, ಕೈಗಾಡಿ ಇರಬೇಕು ಎಂದರು ತಾತ. ಗೋಡೌನಿನ ಇಳಿಜಾರಿನಲ್ಲಿ ತುಂಬಿದ ಕೈಗಾಡಿಯೊಂದು ಹಿಂದಕ್ಕೆ ಜಾರಿ ಮಗುಚಿತ್ತು. ಕೂಲಿಯವನೊಬ್ಬನ ಕಾಲು ಅದರಡಿ ಸಿಕ್ಕಿಕೊಂಡಿತ್ತು. ಊಟದ ಹೊತ್ತು, ಹತ್ತಿರ ಯಾರೂ ಇಲ್ಲ. ಆ ದೈತ್ಯ ಗಾಡಿಯ ಅಡಿಗೆ ಬೆನ್ನು ಕೊಟ್ಟು ಎದ್ದ. ಎತ್ತುವುದೇನೋ ಎತ್ತಿದ, ಆದರೆ ಸಿಕ್ಕಿಕೊಂಡವನಿಗೆ ಜಜ್ಜಿದ ಕಾಲು ಎಳೆದುಕೊಳ್ಳಲು ಆಗಲಿಲ್ಲ. ಜನ ಬರುವ ತನಕ ಹಾಗೇ ನಿಲ್ಲಬೇಕಾಯಿತು.

“ಎಷ್ಟು ಹೊತ್ತು?” ಲಾಯರ್ ಬಿಡಲಿಲ್ಲ.

“ಗಡಿಯಾರ ಯಾರ ಹತ್ರ ಇತ್ತಮ್ಮ? ಕೆಳಗಿದ್ದವನ ಜೊತೆ ಮಾತಾಡ್ತಾ ನಿಂತಿದ್ದ. ಮನೆಯಲ್ಲಿ ಎಷ್ಟು ಜನ, ಮಗಳು ಯಾವ ಕ್ಲಾಸು, ಹೀಗೇ ಏನೇನೋ. ಸುಮ್ಮನಿದ್ರೆ ಪಾಪ ಅವನು ಹೆದರ್ತಾನಲ್ಲ.”

“ಅವರಿಗೆ ನೋವಾಗಲಿಲ್ವಾ?” ಎಂದ ಗುಂಡ.

“ಬೆನ್ನು ಈಗಲೂ…” ಎಂದ ತಾತ ಅರ್ಧಕ್ಕೇ ನಿಲ್ಲಿಸಿದರು. ಅವರ ಕೈ ಸೊಂಟದ ಹಿಂದಕ್ಕೆ ಹೋಗಿತ್ತು. ಅದನ್ನು ಮೆಲ್ಲಗೆ ತೊಡೆಯ ಮೇಲೆ ತಂದಿಟ್ಟುಕೊಂಡರು. “ಆಗಿರಬೇಕು. ಅವನು ಹೇಳಲಿಲ್ಲ.”

ಕಡ್ಡಿ ಗೋಡೆಗೆ ಒರಗಿ ನಿಂತಿದ್ದಳು. ಈ ಕತೆಯನ್ನು ಅಪ್ಪನೂ ಹೇಳಿರಲಿಲ್ಲ. ಬಹುಶಃ ಅಪ್ಪನಿಗೂ ಗೊತ್ತಿರಲಿಲ್ಲ. ‘ನಾನೇ ಕಣಮ್ಮ ಇವಳ ತಾತ’ ಎಂದು ಅವರು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವಳ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತಿತ್ತು. ತಾತ ಹಾಗೆ ಹೇಳಲಿಲ್ಲ. ಸ್ವಂತ ಮಗನ ಮನೆಯಲ್ಲಿ ಯಾರೋ ಪರಿಚಯದವರಾಗಿ, ಟವೆಲ್ಲು ಕಟ್ಟಿಕೊಂಡು ಕೂತಿದ್ದರು.

ಅವರು ಯಾವಾಗ ಬರ್ತಾರೆ ಎಂದು ಗುಂಡ ಕೇಳುತ್ತಿದ್ದ. ದಾರಿ ದೂರ, ನೋಡೋಣ ಎನ್ನುತ್ತಿದ್ದರು ತಾತ.

“ಬಂದಾಗಿದೆ,” ಎಂದಳು ಕಡ್ಡಿ. “ಇವರೇ ನಮ್ಮ ತಾತ. ನಾನು ಸುಳ್ಳು ಹೇಳಿದೆ. ಲಾರಿನೂ ಸುಳ್ಳು.”

ಲಾಯರ್ ತಾತನ ಮುಖ ನೋಡಿದಳು, ಕೈ ನೋಡಿದಳು. ಆದರೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಗುಂಡನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಾತನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೊನೆಗೆ ಮೆಲ್ಲಗೆ ಕೇಳಿದ.

“ತಾತ, ಆ ನಾಯಿ ಮೊಟ್ಟೆನ ಸಿಪ್ಪೆ ಸಮೇತ ತಿಂತಾ?”

ತಾತ ನಗತೊಡಗಿದರು. ನಗುತ್ತಾ ನಗುತ್ತಾ ಹೊಟ್ಟೆ ಹಿಡಿದುಕೊಂಡರು. ನಗಿಸಬೇಡಪ್ಪ, ಹೊಲಿಗೆ ಬಿಚ್ಚಿಹೋಗುತ್ತೆ ಎಂದರು. ಈ ಮನೆಗೆ ಬಂದ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

ಇಬ್ಬರೂ ಹೊರಟ ಮೇಲೆ ಕಡ್ಡಿ ತಣ್ಣಗಾಗಿದ್ದ ಸೂಪನ್ನು ಬಿಸಿ ಮಾಡಿ ತಂದಳು. ತಾತ ನಿಧಾನವಾಗಿ ಎಂಟು ಚಮಚ ಕುಡಿದು ಬಟ್ಟಲು ಪಕ್ಕಕ್ಕಿಟ್ಟರು. ಆಮೇಲೆ, ದಿನಾ ಹೊರಗಿನ ವರಾಂಡದಲ್ಲಿ ಈ ತುದಿಯಿಂದ ಆ ತುದಿಗೆ ನಡೀಬೇಕು ಅಂತ ಡಾಕ್ಟರು ಹೇಳಿದ್ದಾರೆ, ನಿಮ್ಮಪ್ಪನಿಗೆ ನಾಳೆ ನಾಳೆ ಅಂತ ಹೇಳಿ ತಪ್ಪಿಸಿಕೊಳ್ತಾ ಇದ್ದೀನಿ ಎಂದರು.

“ಈಗ ಹೋಗೋಣ್ವಾ ತಾತ?”

ತಾತ ಅವಳ ಭುಜದ ಮೇಲೆ ಕೈ ಇಟ್ಟು ಎದ್ದರು. ಅಗಲವಾದ, ಒರಟು ಕೈ. ಬರೀ ಕೈ ಅಷ್ಟು ಭಾರ ಇರಬಹುದು ಅಂತ ಅವಳು ಅಂದುಕೊಂಡಿರಲಿಲ್ಲ. ಎರಡು ಹೆಜ್ಜೆ, ಒಂದು ನಿಲುಗಡೆ. ಮತ್ತೆ ಎರಡು ಹೆಜ್ಜೆ. ಪಕ್ಕದ ಮನೆಯವರ ಸೈಕಲ್ಲನ್ನು ಕಡ್ಡಿ ಕಾಲಿನಿಂದಲೇ ಗೋಡೆಗೆ ಸರಿಸಿದಳು.

ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದ ಎದುರುಮನೆ ಆಂಟಿ ಅವರಿಬ್ಬರನ್ನು ನೋಡಿ ನಿಂತರು.

“ಯಾರಮ್ಮ ಇವರು?”

“ನಮ್ಮ ತಾತ,” ಎಂದಳು ಕಡ್ಡಿ.

ಕಡ್ಡಿ ಇನ್ನೇನಾದರೂ ಹೇಳುತ್ತಾಳೆ ಅಂತ ಆಂಟಿ ಕಾದರು. ಅವಳು ಮತ್ತೇನೂ ಸೇರಿಸಲಿಲ್ಲ. ತಾತನ ಉಸಿರು ಹದಕ್ಕೆ ಬರುವ ತನಕ ನಿಂತಿದ್ದು, ಅವರ ಜೊತೆ ಮುಂದಿನ ಹೆಜ್ಜೆ ಇಟ್ಟಳು.